ಹೆಬ್ಬಾಳಕ್ಕೆ ಹೋಗುವ ಕುರಿ ರಕ್ತ

ನಗರಗೆರೆ ಹೋಬಳಿಯ ಮಂದೆಯೊಂದರಲ್ಲಿ ಜ್ವರ, ಸಿಂಬಳ, ಬಾಯಿಹುಣ್ಣು, ಭೇದಿ ಒಟ್ಟಿಗೇ ಶುರುವಾದರೆ ಅದು ಕುರಿ-ಮೇಕೆಗಳ ವೈರಸ್ ರೋಗವಾದ ಪಿಪಿಆರೋ, ನೀಲಿ ನಾಲಿಗೆಯೋ ಎಂದು ಬರಿಗಣ್ಣಿಗೆ ಖಚಿತವಾಗುವುದಿಲ್ಲ. ವಿಜ್ಞಾನಕ್ಕೂ ಹಿಂದೆ ಇಂಥದ್ದೇ ಗೊಂದಲವಿತ್ತು. ಪಿಪಿಆರ್ ಅನ್ನು ಮೊದಲು ಗುರುತಿಸಿದ್ದು 1942ರಲ್ಲಿ, ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ. ನಮ್ಮ ದೇಶದಲ್ಲಿ ಮಾತ್ರ ಕುರಿಗಳ ಇಂಥ ಸಾವು ಬಹುಕಾಲ ದನಗಳ ದೊಡ್ಡರೋಗದ (ರಿಂಡರ್‌ಪೆಸ್ಟ್) ಲೆಕ್ಕಕ್ಕೇ ಸೇರುತ್ತಿತ್ತು. 1987ರಲ್ಲಿ ತಮಿಳುನಾಡಿನ ಅರಸೂರಿನಲ್ಲಿ ಕುರಿಗಳಿಗೆ ಬಂದ ರೋಗ ಪಿಪಿಆರ್ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಸ್. ಶೈಲಾ ಮತ್ತು ಸಂಗಡಿಗರು 1989ರಲ್ಲಿ ವರದಿ ಮಾಡಿದರು.

ದೊಡ್ಡರೋಗ ಮತ್ತು ಪಿಪಿಆರ್‌ನ ವೈರಸ್‌ಗಳು ದಾಯಾದಿಗಳು. ಹಳೆಯ ಜೆಲ್ ಪರೀಕ್ಷೆಗೆ ಇವುಗಳ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಒಂದೇ ಗುರಿಗೆ ಅಂಟುವ ಮೋನೊಕ್ಲೋನಲ್ ಪ್ರತಿಕಾಯ ಬಂದ ಮೇಲೆ ದಾರಿ ಸಿಕ್ಕಿತು. ಅದನ್ನು ಬಳಸಿ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಕೇಂದ್ರ ರಕ್ತದಲ್ಲಿ ಪಿಪಿಆರ್ ಪ್ರತಿಕಾಯ ಪತ್ತೆಹಚ್ಚುವ ಎಲೈಸಾ ಕಿಟ್ ರೂಪಿಸಿತು. ದೊಡ್ಡರೋಗದ ಸೀರಂ ತಯಾರಿಸಲೆಂದೇ 1925ರಲ್ಲಿ ಹುಟ್ಟಿದ, ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಗೂ ಕೆಲಸ ಬದಲಾಯಿತು: 2011ರಲ್ಲಿ ದೊಡ್ಡರೋಗ ಜಗತ್ತಿನಿಂದಲೇ ತೊಲಗಿತು, ಪಿಪಿಆರ್ ಉಳಿಯಿತು.

ಕುರಿಯ ಕತ್ತಿನ ರಕ್ತನಾಳದಿಂದ ತೆಗೆದ ರಕ್ತವನ್ನು ಹೆಪ್ಪುಗಟ್ಟಲು ಬಿಡುತ್ತಾರೆ. ಮೇಲೆ ನಿಲ್ಲುವ ತಿಳಿಹಳದಿ ಸೀರಂ ಮಂಜುಗಡ್ಡೆಯೊಡನೆ ದೊಡ್ಡಬಳ್ಳಾಪುರ, ಯಲಹಂಕ ದಾಟಿ ಹೆಬ್ಬಾಳದ ಲ್ಯಾಬ್ ಸೇರಬೇಕು. ಅಲ್ಲಿ 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಮೊದಲೇ ವೈರಸ್ಸಿನ ಅಂಶ ಅಂಟಿಸಿರುತ್ತಾರೆ. ಕುರಿಯ ಪ್ರತಿಕಾಯ ಜಾಗ ಹಿಡಿದರೆ ಕಿಟ್‌ನ ಪ್ರತಿಕಾಯಕ್ಕೆ ಜಾಗವಿಲ್ಲ, ಬಣ್ಣವೂ ಬರುವುದಿಲ್ಲ. ಅಂದರೆ ಬಣ್ಣ ಬಾರದ ಗುಳಿಯೇ ಪಾಸಿಟಿವ್. ಆದರೆ ಪ್ರತಿಕಾಯ ಮೂಡಲು ದಿನಗಳು ಬೇಕು. ಈಗಷ್ಟೇ ಜ್ವರ ಬಂದ ಕುರಿಯಲ್ಲಿ ವೈರಸ್ಸನ್ನೇ ಹಿಡಿಯಲು ಮೂಗು, ಕಣ್ಣಿನ ದ್ರವವನ್ನೂ ಕಳಿಸಬೇಕು; ಅದಕ್ಕೆ ಬೇರೆ ಬಗೆಯ ಎಲೈಸಾ ಅಥವಾ ಪಿಸಿಆರ್.

ಒಂದು ತೊಡಕು ಇನ್ನೂ ಉಳಿದಿದೆ. ಸುಂಗ್ರಿ-96 ಲಸಿಕೆ ಹಾಕಿಸಿದ ಕುರಿಯ ರಕ್ತವೂ, ರೋಗ ಗೆದ್ದ ಕುರಿಯ ರಕ್ತವೂ ಈ ತಟ್ಟೆಯಲ್ಲಿ ಒಂದೇ ಉತ್ತರ ಕೊಡುತ್ತವೆ. 2030ರೊಳಗೆ ಪಿಪಿಆರ್ ಅಳಿಸಬೇಕೆಂಬ ಜಾಗತಿಕ ಗುರಿಯೇನೋ ಇದೆ. ಆದರೆ ಲಸಿಕೆ ಹಾಕಿಸಿದ್ದು ಯಾವಾಗ ಎಂದು ಕುರಿಗಾಹಿ ಹೇಳದೆ ಫಲಿತಾಂಶಕ್ಕೆ ಅರ್ಥ ಕಟ್ಟಲಾಗದು. ಸಂತೆಯಲ್ಲಿ ಕುರಿ ಕೈಬದಲಾದಾಗ ಬೆಲೆಯ ಜೊತೆ ಆ ತಾರೀಖನ್ನೂ ಕೇಳಿಕೊಂಡರೆ ಲ್ಯಾಬಿನ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.