ನಮ್ಮ ದೇಹದ ಬ್ರೇಕ್: ಟಿ-ರೆಗ್ ಕೋಶಗಳ ಕಥೆ

2025ರಲ್ಲಿ ಫಿಸಿಕ್ಸ್ ನೊಬೆಲ್ ಘೋಷಣೆ ಆದಾಗ ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ ಒಂದಿಷ್ಟು ಚರ್ಚೆ ಆಯ್ತು. ಕ್ವಾಂಟಮ್ ಅಂದ್ರೆ ನಮಗೆಲ್ಲ ಕುತೂಹಲ. ಆದರೆ ಅದೇ ವಾರ ಬಂದ ವೈದ್ಯಕೀಯ ನೊಬೆಲ್ ಬಗ್ಗೆ ಯಾರೂ ಮಾತಾಡಲಿಲ್ಲ. ಕಾರಣ ಗೊತ್ತಿರೋದೇ. ನಮ್ಮಲ್ಲಿ ಹೆಚ್ಚಿನವರು ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಬಯಾಲಜಿಗೆ ಕೈ ಮುಗಿದವರು.

ಆದರೆ ಈ ಸಲದ ವೈದ್ಯಕೀಯ ನೊಬೆಲ್ ನಿಜಕ್ಕೂ ನಮ್ಮ ಸಬ್ಜೆಕ್ಟ್. ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಜಪಾನಿನ ಶಿಮೊನ್ ಸಕಾಗುಚಿ, ಈ ಮೂವರು ಕಂಡುಹಿಡಿದಿದ್ದು ಒಂದು ಕಂಟ್ರೋಲ್ ಸಿಸ್ಟಮ್. ನಮ್ಮ ರೋಗನಿರೋಧಕ ವ್ಯವಸ್ಥೆಯ ಬ್ರೇಕ್ ಎಲ್ಲಿದೆ, ಅದು ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನು. ಆ ಬ್ರೇಕ್ ಸಡಿಲವಾದರೆ ಒಂದು ತರದ ಕಾಯಿಲೆ, ಬಿಗಿಯಾದರೆ ಇನ್ನೊಂದು ತರದ ಕಾಯಿಲೆ. ಈ ಲೇಖನದಲ್ಲಿ ಅದನ್ನೇ ನೋಡೋಣ.

ಎರಡು ತರದ ತಪ್ಪು

ಮೆಷಿನ್ ಲರ್ನಿಂಗ್ ಎಲೆಕ್ಟಿವ್ ತಗೊಂಡವರಿಗೆ ಕನ್‌ಫ್ಯೂಷನ್ ಮ್ಯಾಟ್ರಿಕ್ಸ್ ನೆನಪಿರುತ್ತೆ. ಯಾವ ಕ್ಲಾಸಿಫೈಯರ್ ಆದರೂ ಎರಡು ರೀತಿ ತಪ್ಪು ಮಾಡುತ್ತೆ. ಒಳ್ಳೆಯ ಮೇಲ್ ಅನ್ನು ಸ್ಪ್ಯಾಮ್ ಅನ್ನೋದು ಫಾಲ್ಸ್ ಪಾಸಿಟಿವ್. ಸ್ಪ್ಯಾಮ್ ಅನ್ನು ಒಳಗೆ ಬಿಡೋದು ಫಾಲ್ಸ್ ನೆಗೆಟಿವ್. ಥ್ರೆಶ್‌ಹೋಲ್ಡ್ ಒಂದು ಕಡೆ ತಳ್ಳಿದರೆ ಮೊದಲನೆಯದು ಜಾಸ್ತಿ, ಇನ್ನೊಂದು ಕಡೆ ತಳ್ಳಿದರೆ ಎರಡನೆಯದು ಜಾಸ್ತಿ.

ನಮ್ಮ ರಕ್ತದಲ್ಲಿರುವ ಟಿ ಕೋಶಗಳು ಮಾಡೋದೂ ಇದೇ ಕೆಲಸ. ಎದುರಿಗೆ ಬಂದ ಪ್ರತಿಯೊಂದು ಜೀವಕೋಶವನ್ನು ಮುಟ್ಟಿ ನೋಡಿ 'ನಮ್ಮದಾ, ಹೊರಗಿನದಾ' ಅಂತ ತೀರ್ಮಾನಿಸಬೇಕು. ನಮ್ಮದೇ ಕೀಲು, ನಮ್ಮದೇ ಮೂತ್ರಪಿಂಡವನ್ನು ಶತ್ರು ಅಂದುಕೊಂಡರೆ ಅದು ಆಟೋಇಮ್ಯೂನ್ ಕಾಯಿಲೆ. ಕೆಟ್ಟು ಬೆಳೆಯುತ್ತಿರುವ ಕೋಶವನ್ನು 'ನಮ್ಮದೇ ಬಿಡು' ಅಂತ ಬಿಟ್ಟರೆ ಅದು ಕ್ಯಾನ್ಸರ್ ಆಗಿ ಬೆಳೆಯಬಹುದು. ಹಾಗಾಗಿ 'ಇಮ್ಯುನಿಟಿ ಜಾಸ್ತಿ ಇದ್ದಷ್ಟೂ ಒಳ್ಳೇದು' ಅನ್ನೋ ಮಾತಿಗೆ ಅರ್ಥ ಇಲ್ಲ. ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿಗೆ ಎಂಜಿನ್ ಪವರ್ ಎಷ್ಟಿದ್ದರೇನು, ಬ್ರೇಕ್ ಸರಿಯಿಲ್ಲದಿದ್ದರೆ?

ಮೂರನೇ ದಿನದ ಇಲಿಗಳು

ಟಿ ಕೋಶಗಳು ತಯಾರಾಗೋದು ಎದೆಮೂಳೆಯ ಹಿಂದಿರುವ ಥೈಮಸ್ ಎಂಬ ಸಣ್ಣ ಗ್ರಂಥಿಯಲ್ಲಿ. ಅಲ್ಲಿ ಒಂದು ಕಠಿಣ ಪರೀಕ್ಷೆ ನಡೆಯುತ್ತೆ. ನಮ್ಮ ದೇಹದ್ದೇ ಪ್ರೋಟೀನ್ ತೋರಿಸಿದಾಗ ಜೋರಾಗಿ ಅಂಟಿಕೊಳ್ಳುವ ಕೋಶಗಳನ್ನು ಅಲ್ಲೇ ಸಾಯಿಸಲಾಗುತ್ತೆ. ಬಹಳ ವರ್ಷ ವಿಜ್ಞಾನಿಗಳು ಇಷ್ಟೇ ಸಾಕು ಅಂದುಕೊಂಡಿದ್ದರು. ಆದರೆ ಯಾವ ಪರೀಕ್ಷೆಯೂ ನೂರಕ್ಕೆ ನೂರು ಪರ್ಫೆಕ್ಟ್ ಅಲ್ಲ. ತಪ್ಪಿಸಿಕೊಂಡು ಹೊರಗೆ ಬಂದ ಕೋಶಗಳನ್ನು ನೋಡಿಕೊಳ್ಳೋರು ಯಾರು?

ಇಲ್ಲಿ ಸಕಾಗುಚಿ ಬರ್ತಾರೆ. ಹುಟ್ಟಿದ ಮೂರನೇ ದಿನ ಇಲಿಮರಿಯ ಥೈಮಸ್ ತೆಗೆದುಬಿಟ್ಟರೆ ಏನಾಗುತ್ತೆ? ಟಿ ಕೋಶ ಕಡಿಮೆಯಾಗಿ ಇಮ್ಯುನಿಟಿ ಕುಗ್ಗಬೇಕು ಅಂತ ನಾವು ಅಂದುಕೊಳ್ತೀವಿ. ಆಗೋದು ಉಲ್ಟಾ. ಆ ಇಲಿಗಳಲ್ಲಿ ರೋಗನಿರೋಧಕ ವ್ಯವಸ್ಥೆ ಹದ್ದು ಮೀರಿ, ತನ್ನದೇ ಅಂಗಗಳ ಮೇಲೆ ದಾಳಿ ಮಾಡುತ್ತೆ. ಸಕಾಗುಚಿ ಅದೇ ತಳಿಯ ಆರೋಗ್ಯವಂತ ಇಲಿಗಳ ಟಿ ಕೋಶಗಳನ್ನು ಇವುಗಳಿಗೆ ಕೊಟ್ಟು ನೋಡಿದರು. ಕಾಯಿಲೆ ಬರಲಿಲ್ಲ. ಅಂದರೆ ಟಿ ಕೋಶಗಳ ಗುಂಪಿನಲ್ಲೇ ಉಳಿದವರನ್ನು ತಡೆಯುವ ಒಂದು ಉಪಗುಂಪು ಇದೆ ಅಂತಾಯ್ತು.

ಅದನ್ನು ಗುರುತಿಸೋಕೆ ಹತ್ತು ವರ್ಷಕ್ಕೂ ಹೆಚ್ಚು ಹಿಡೀತು. 1995ರಲ್ಲಿ ಅವರು ಆ ಕೋಶಗಳ ಮೇಲೆ ಸಿಡಿ25 ಎಂಬ ಪ್ರೋಟೀನ್ ಇರುತ್ತೆ ಅಂತ ತೋರಿಸಿದರು. ಇವೇ ರೆಗ್ಯುಲೇಟರಿ ಟಿ ಕೋಶಗಳು, ಚಿಕ್ಕದಾಗಿ ಟಿ-ರೆಗ್. ಸಿಡಿ4 ಎಂಬ ಗುರುತಿರುವ ಟಿ ಕೋಶಗಳಲ್ಲಿ ಇವು ಸುಮಾರು ನೂರಕ್ಕೆ 5ರಿಂದ 10 ಅಷ್ಟೇ. ಆದರೂ ಇವಿಲ್ಲದೆ ಬದುಕೋದು ಕಷ್ಟ.

ಇಪ್ಪತ್ತನೇ ಜೀನ್

ಕಥೆಯ ಇನ್ನೊಂದು ಎಳೆ ಅಮೆರಿಕದ ಓಕ್ ರಿಡ್ಜ್‌ನಲ್ಲಿ ಶುರುವಾಗುತ್ತೆ. ಹೌದು, ಆಟಂ ಬಾಂಬ್ ಯೋಜನೆಯ ಓಕ್ ರಿಡ್ಜ್. ವಿಕಿರಣದ ಪರಿಣಾಮ ತಿಳಿಯೋಕೆ ಅಲ್ಲಿ ಇಲಿಗಳನ್ನು ಸಾಕಿದ್ದರು. 1940ರ ದಶಕದಲ್ಲಿ ಅಲ್ಲಿ ಕೆಲವು ಗಂಡು ಮರಿಗಳು ವಿಚಿತ್ರವಾಗಿ ಹುಟ್ಟಿದವು. ಚರ್ಮ ಹೊಟ್ಟು ಹೊಟ್ಟಾಗಿ ಉದುರೋದು, ಗುಲ್ಮ ಮತ್ತು ದುಗ್ಧಗ್ರಂಥಿಗಳು ಊದೋದು, ಕೆಲವೇ ವಾರಗಳಲ್ಲಿ ಸಾವು. ಈ ತಳಿಗೆ ಸ್ಕರ್ಫಿ ಅಂತ ಹೆಸರಿಟ್ಟರು. ಗಂಡು ಮರಿಗಳಿಗೆ ಮಾತ್ರ ಬರೋದರಿಂದ ತೊಂದರೆ ಎಕ್ಸ್ ಕ್ರೋಮೋಸೋಮ್‌ನಲ್ಲಿದೆ ಅಂತ ಗೊತ್ತಾಯ್ತು. ಎಲ್ಲಿ ಅನ್ನೋದು ಮಾತ್ರ ಗೊತ್ತಾಗಲಿಲ್ಲ.

1990ರ ದಶಕದಲ್ಲಿ ಬ್ರಂಕೋ ಮತ್ತು ರಾಮ್ಸ್‌ಡೆಲ್ ವಾಷಿಂಗ್ಟನ್ ರಾಜ್ಯದ ಒಂದು ಬಯೋಟೆಕ್ ಕಂಪನಿಯಲ್ಲಿ ಇದನ್ನು ಹುಡುಕೋಕೆ ಹೊರಟರು. ಇಲಿಯ ಎಕ್ಸ್ ಕ್ರೋಮೋಸೋಮ್‌ನಲ್ಲಿ ಸುಮಾರು 17 ಕೋಟಿ ಅಕ್ಷರಗಳಿವೆ. ಅದನ್ನು ಕತ್ತರಿಸುತ್ತಾ ಕತ್ತರಿಸುತ್ತಾ ಸುಮಾರು 5 ಲಕ್ಷ ಅಕ್ಷರಗಳ ತುಂಡಿಗೆ ತಂದರು. ಅದರಲ್ಲಿ 20 ಜೀನ್‌ಗಳಿದ್ದವು. ಒಂದೊಂದಾಗಿ ನೋಡುತ್ತಾ ಹೋದಾಗ ದೋಷ ಸಿಕ್ಕಿದ್ದು ಕೊನೆಯದರಲ್ಲಿ, ಇಪ್ಪತ್ತನೆಯದರಲ್ಲಿ! ಡಿಬಗ್ ಮಾಡಿ ಅಭ್ಯಾಸ ಇರೋ ಯಾರಿಗಾದರೂ ಈ ಸಂಕಟ ಅರ್ಥ ಆಗುತ್ತೆ.

ಆ ಜೀನ್‌ಗೆ ಫಾಕ್ಸ್‌ಪಿ3 ಅಂತ ಹೆಸರಿಟ್ಟರು. 2001ರಲ್ಲಿ ಅವರು ಇನ್ನೊಂದು ವಿಷಯವನ್ನೂ ತೋರಿಸಿದರು. ಗಂಡುಮಕ್ಕಳಲ್ಲಿ ಅಪರೂಪಕ್ಕೆ ಕಾಣುವ ಐಪೆಕ್ಸ್ ಎಂಬ ತೀವ್ರ ಆಟೋಇಮ್ಯೂನ್ ಕಾಯಿಲೆಗೂ ಇದೇ ಜೀನ್‌ನ ದೋಷವೇ ಕಾರಣ. ಎರಡು ವರ್ಷ ಬಿಟ್ಟು, 2003ರಲ್ಲಿ, ಎರಡೂ ಎಳೆ ಕೂಡಿಕೊಂಡವು. ಸಕಾಗುಚಿ ಕಂಡುಹಿಡಿದ ಟಿ-ರೆಗ್ ಕೋಶಗಳನ್ನು ತಯಾರು ಮಾಡುವ ಮಾಸ್ಟರ್ ಸ್ವಿಚ್ಚೇ ಫಾಕ್ಸ್‌ಪಿ3.

ಟಿ-ರೆಗ್ ಬ್ರೇಕ್ ಹಾಕೋದು ಹೇಗೆ? ಹಲವು ದಾರಿಗಳಿವೆ, ಎರಡನ್ನು ಹೇಳ್ತೀನಿ. ಒಂದು, ದಾಳಿ ಮಾಡುವ ಟಿ ಕೋಶಗಳು ಬೆಳೆಯೋಕೆ ಇಂಟರ್‌ಲ್ಯೂಕಿನ್-2 ಎಂಬ ರಾಸಾಯನಿಕ ಬೇಕು. ಟಿ-ರೆಗ್ ಮೇಲಿರುವ ಸಿಡಿ25 ಅದನ್ನು ಸ್ಪಾಂಜ್ ತರ ಹೀರಿಕೊಳ್ಳುತ್ತೆ. ಎರಡು, ಸಿಟಿಎಲ್‌ಎ-4 ಎಂಬ ಪ್ರೋಟೀನ್ ಮೂಲಕ 'ದಾಳಿ ಮಾಡು' ಎಂಬ ಸಿಗ್ನಲ್ ಅನ್ನೇ ಕಡಿಮೆ ಮಾಡುತ್ತೆ. ಪಕ್ಕಾ ನೆಗೆಟಿವ್ ಫೀಡ್‌ಬ್ಯಾಕ್.

ಬ್ರೇಕ್ ಸಡಿಲವಾದಾಗ

ನನ್ನ ಚಿಕ್ಕಮ್ಮನಿಗೆ ಲೂಪಸ್ ಇದೆ. ಲೂಪಸ್ ಅಂದರೆ ರೋಗನಿರೋಧಕ ವ್ಯವಸ್ಥೆ ಚರ್ಮ, ಕೀಲು, ಮೂತ್ರಪಿಂಡ ಹೀಗೆ ಹಲವು ಅಂಗಗಳ ಮೇಲೆ ಬೀಳುವ ಆಟೋಇಮ್ಯೂನ್ ಕಾಯಿಲೆ. ಮನೆಗೆ ಬಂದವರೆಲ್ಲ "ಪಾಪ, ಇಮ್ಯುನಿಟಿ ಕಮ್ಮಿ ಆಗಿದೆ ಕಣಮ್ಮ, ಇದನ್ನ ತಗೋ" ಅಂತ ಒಂದೊಂದು ಪುಡಿ, ಒಂದೊಂದು ಕಷಾಯ ಹೇಳಿ ಹೋಗ್ತಾರೆ. ಅವರದು ಪ್ರೀತಿಯೇ. ಆದರೆ ಚಿಕ್ಕಮ್ಮನ ಡಾಕ್ಟರ್ ಕೊಡ್ತಿರೋದು ಅತಿಯಾದ ಇಮ್ಯುನಿಟಿಯನ್ನು ತಗ್ಗಿಸುವ ಔಷಧಿ. ಒಂದು ಕೈಯಲ್ಲಿ ಬ್ರೇಕ್, ಇನ್ನೊಂದು ಕೈಯಲ್ಲಿ ಆಕ್ಸಿಲರೇಟರ್ ಒತ್ತಿ ಅಂದ ಹಾಗಾಯ್ತು. ಇದಕ್ಕಿಂತ ಅಪಾಯ ಅಂದರೆ ಯಾರದೋ ಮಾತು ಕೇಳಿ ಸ್ಟಿರಾಯ್ಡ್ ಮಾತ್ರೆ ದಿಢೀರ್ ಅಂತ ನಿಲ್ಲಿಸೋದು. ಬಹಳ ದಿನ ಸ್ಟಿರಾಯ್ಡ್ ತಗೊಂಡಾಗ ದೇಹ ತನ್ನದೇ ಕಾರ್ಟಿಸಾಲ್ ತಯಾರಿಸೋದನ್ನು ಕಡಿಮೆ ಮಾಡಿರುತ್ತೆ. ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಕುತ್ತು ಬರಬಹುದು.

ಇದು ನಮಗೂ ಸಂಬಂಧಪಟ್ಟ ವಿಷಯ. ಲೂಪಸ್ ಬರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಹೆಂಗಸರು, ಅದೂ ಹೆಚ್ಚಾಗಿ 15ರಿಂದ 45 ವಯಸ್ಸಿನೊಳಗೆ. ಅಂದರೆ ನಮ್ಮ ಕ್ಲಾಸ್‌ಮೇಟ್‌ಗಳ ವಯಸ್ಸು. ವಾರಗಟ್ಟಲೆ ಕೀಲು ನೋವು, ಬಿಸಿಲಿಗೆ ಹೋದರೆ ಮುಖದಲ್ಲಿ ಕೆಂಪು ಗುಳ್ಳೆ, ಕಾರಣವಿಲ್ಲದ ಜ್ವರ, ಸುಸ್ತು ಇದ್ದರೆ 'ಇಂಟರ್ನಲ್ಸ್ ಟೆನ್ಷನ್' ಅಂತ ಬಿಡಬೇಡಿ. ರುಮಟಾಲಜಿಸ್ಟ್ ಅಂತ ಡಾಕ್ಟರ್ ಇರ್ತಾರೆ, ತೋರಿಸಿ.

ಶ್ವಾಸಕೋಶದಲ್ಲಿ ಟೈಮಿಂಗ್

ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ನಮ್ಮ ಶ್ವಾಸಕೋಶದ ಒಳಗೆ ಹೋಗುತ್ತೆ, ಧೂಳು, ಪರಾಗ, ವೈರಸ್ ಎಲ್ಲದರ ಜೊತೆ. ಪ್ರತಿಯೊಂದಕ್ಕೂ ಯುದ್ಧ ಸಾರಿದರೆ ಉಸಿರಾಡೋಕೇ ಆಗಲ್ಲ. ಉರಿಯೂತ ಅಂದರೆ ಊತ ಮತ್ತು ನೀರು. ಕಾಲಿನಲ್ಲಾದರೆ ತಡ್ಕೋಬಹುದು, ಗಾಳಿ ಚೀಲಗಳಲ್ಲಿ ನೀರು ತುಂಬಿದರೆ ಆಮ್ಲಜನಕ ರಕ್ತಕ್ಕೆ ಸೇರಲ್ಲ.

ಕೋವಿಡ್‌ನಲ್ಲಿ ನಾವು ನೋಡಿದ್ದು ಇದನ್ನೇ. ಬಹಳ ರೋಗಿಗಳಲ್ಲಿ ಎರಡನೇ ಹಂತದ ಹಾನಿ ಮಾಡಿದ್ದು ವೈರಸ್‌ಗಿಂತ ಹೆಚ್ಚಾಗಿ ಹಿಡಿತ ತಪ್ಪಿದ ಉರಿಯೂತ. 2020ರಲ್ಲಿ ಬ್ರಿಟನ್‌ನ ರಿಕವರಿ ಟ್ರಯಲ್ ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಸ್ಟಿರಾಯ್ಡ್ ಪರೀಕ್ಷಿಸಿತು. ವೆಂಟಿಲೇಟರ್‌ನಲ್ಲಿದ್ದವರ ಸಾವು ಸುಮಾರು ಮೂರರಲ್ಲಿ ಒಂದು ಭಾಗ ಕಡಿಮೆಯಾಯ್ತು, ಆಮ್ಲಜನಕ ಮಾತ್ರ ಬೇಕಿದ್ದವರಲ್ಲಿ ಐದರಲ್ಲಿ ಒಂದು ಭಾಗ. ಆಮ್ಲಜನಕವೇ ಬೇಡದಿದ್ದವರಿಗೆ ಏನೂ ಲಾಭ ಆಗಲಿಲ್ಲ. ಅದೇ ಔಷಧಿ, ಅದೇ ವೈರಸ್. ಯಾವಾಗ ಬ್ರೇಕ್ ಒತ್ತಬೇಕು ಅನ್ನೋದರಲ್ಲೇ ವ್ಯತ್ಯಾಸ.

ಟಿ-ರೆಗ್‌ಗೆ ಇಲ್ಲಿ ಇನ್ನೊಂದು ಕೆಲಸವೂ ಇದೆ. ಫ್ಲೂ ಬಂದ ಇಲಿಗಳ ಮೇಲಿನ ಪ್ರಯೋಗದಲ್ಲಿ ಈ ಕೋಶಗಳು ಆಂಫಿರೆಗ್ಯುಲಿನ್ ಎಂಬ ವಸ್ತು ಬಿಟ್ಟು, ಹಾಳಾದ ಶ್ವಾಸಕೋಶವನ್ನು ರಿಪೇರಿ ಮಾಡೋಕೆ ನೆರವಾಗೋದು ಕಂಡುಬಂತು. ಗಲಾಟೆ ನಿಲ್ಲಿಸೋದೂ ಇವೇ, ಆಮೇಲೆ ಗೋಡೆಗೆ ಸಿಮೆಂಟ್ ಹಚ್ಚೋದೂ ಇವೇ.

ಬ್ರೇಕ್ ಬಿಗಿಯಾದಾಗ

ಇಷ್ಟೆಲ್ಲ ಓದಿ ಟಿ-ರೆಗ್ ಹೀರೋ ಅನ್ನಿಸಿದರೆ, ಸ್ವಲ್ಪ ತಡೀರಿ. ಕ್ಯಾನ್ಸರ್ ಗಡ್ಡೆಗಳು ಇವನ್ನು ತಮ್ಮ ಸುತ್ತ ಕರೆಸಿಕೊಳ್ಳುತ್ತವೆ, ಬಾಡಿಗಾರ್ಡ್ ತರ. ಅಂಡಾಶಯದ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಡ್ಡೆಯಲ್ಲಿ ಟಿ-ರೆಗ್ ಹೆಚ್ಚಿದ್ದವರು ಕಡಿಮೆ ಕಾಲ ಬದುಕಿದ್ದು ಕಂಡುಬಂತು.

ಹಾಗಾದರೆ ಬ್ರೇಕ್ ತೆಗೆದರೆ? 1996ರಲ್ಲಿ ಜೇಮ್ಸ್ ಅಲಿಸನ್ ತಂಡ ಇಲಿಗಳಲ್ಲಿ ಸಿಟಿಎಲ್‌ಎ-4 ಅನ್ನು ಅಡ್ಡಗಟ್ಟಿದಾಗ ಗಡ್ಡೆಗಳು ಕರಗಿದವು. 2011ರಲ್ಲಿ ಅದೇ ತತ್ವದ ಇಪಿಲಿಮುಮಾಬ್ ಎಂಬ ಔಷಧಿಗೆ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಪಿಡಿ-1 ಎಂಬ ಇನ್ನೊಂದು ಬ್ರೇಕ್ ಕಂಡುಹಿಡಿದ ತಸುಕು ಹೊಂಜೊ ಜೊತೆ ಅಲಿಸನ್‌ಗೆ 2018ರ ನೊಬೆಲ್ ಬಂತು.

ಬೆಲೆ ಏನು ಅಂತ ಊಹಿಸಬಹುದು. ಈ ಔಷಧಿ ಪಡೆದ ಕೆಲವರಿಗೆ ಕರುಳಿನ ಉರಿಯೂತ, ಥೈರಾಯ್ಡ್ ತೊಂದರೆ, ಶ್ವಾಸಕೋಶದ ಉರಿಯೂತ ಬರುತ್ತೆ. ಕ್ಯಾನ್ಸರ್ ಔಷಧಿ ಆಟೋಇಮ್ಯೂನ್ ಕಾಯಿಲೆ ತರುತ್ತೆ! ಕೇಳೋಕೆ ವಿಚಿತ್ರ, ಆದರೆ ಥ್ರೆಶ್‌ಹೋಲ್ಡ್ ನೆನಪಿದ್ದರೆ ಇದು ನಿರೀಕ್ಷಿತವೇ.

ಇನ್ನು ಎಂಜಿನಿಯರಿಂಗ್

ಈಗಿನ ಸಂಶೋಧನೆ ಇಡೀ ದೇಹದ ಥ್ರೆಶ್‌ಹೋಲ್ಡ್ ಬದಲಿಸುವ ಬದಲು, ಬೇಕಾದ ಕಡೆ ಮಾತ್ರ ಬದಲಿಸೋಕೆ ನೋಡ್ತಿದೆ. ಕಾರ್-ಟಿ ಚಿಕಿತ್ಸೆಯಲ್ಲಿ ರೋಗಿಯ ಟಿ ಕೋಶಗಳನ್ನು ಹೊರತೆಗೆದು, ನಿರ್ದಿಷ್ಟ ಗುರಿ ಗುರುತಿಸುವ ಜೀನ್ ಸೇರಿಸಿ ವಾಪಸ್ ಕೊಡ್ತಾರೆ. ಮೊದಲು ರಕ್ತದ ಕ್ಯಾನ್ಸರ್‌ಗೆ ಬಂದ ಈ ವಿಧಾನವನ್ನು ಜರ್ಮನಿಯ ಎರ್ಲಾಂಗೆನ್‌ನಲ್ಲಿ ಗಿಯೋರ್ಗ್ ಶೆಟ್ ತಂಡ 2021ರಲ್ಲಿ ತೀವ್ರ ಲೂಪಸ್ ಇದ್ದ 20 ವರ್ಷದ ಯುವತಿಗೆ ಬಳಸಿತು. ತಪ್ಪು ಆಂಟಿಬಾಡಿ ತಯಾರಿಸುವ ಬಿ ಕೋಶಗಳೇ ಗುರಿ. 2022ರಲ್ಲಿ ಐದು ರೋಗಿಗಳ ವರದಿ ಬಂತು: ಐವರಲ್ಲೂ ಕಾಯಿಲೆ ಶಮನವಾಗಿ, ಲೂಪಸ್ ಮಾತ್ರೆಗಳನ್ನು ನಿಲ್ಲಿಸಲಾಗಿತ್ತು. ತಿಂಗಳುಗಳ ನಂತರ ಬಿ ಕೋಶಗಳು ಮತ್ತೆ ಹುಟ್ಟಿದವು, ಹಳೆಯ ದ್ವೇಷ ಇಲ್ಲದೆ. ರೀಸೆಟ್ ಬಟನ್ ಅಂದರೆ ಇದೇ. ಐದೇ ಜನ ಅನ್ನೋದನ್ನೂ ಮರೆಯಬಾರದು, ದೊಡ್ಡ ಟ್ರಯಲ್‌ಗಳು ಈಗ ನಡೀತಿವೆ.

ನಮ್ಮ ದೇಶದ ಮೊದಲ ಕಾರ್-ಟಿ ಚಿಕಿತ್ಸೆ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು, ರಕ್ತದ ಕ್ಯಾನ್ಸರ್‌ಗಳಿಗಾಗಿ. ಅದು ಬೆಳೆದಿದ್ದು ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಜೊತೆಗೂಡಿ, ಅಂದರೆ ಒಂದು ಎಂಜಿನಿಯರಿಂಗ್ ಕ್ಯಾಂಪಸ್‌ನಲ್ಲಿ. ವಿದೇಶದಲ್ಲಿ ಕೋಟಿಗಟ್ಟಲೆ ಆಗುವ ಚಿಕಿತ್ಸೆ ಇಲ್ಲಿ ಸುಮಾರು 40 ಲಕ್ಷಕ್ಕೆ ಬಂತು. 2025ರಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿಯೂ ತನ್ನ ಕಾರ್-ಟಿ ತಂದಿದೆ. 40 ಲಕ್ಷ ಈಗಲೂ ಚಿಕ್ಕಮ್ಮನಂಥವರ ಕೈಗೆ ಎಟುಕುವ ಮೊತ್ತ ಅಲ್ಲ. ಕೋಶಗಳನ್ನು ಬೆಳೆಸುವ ಬಯೋರಿಯಾಕ್ಟರ್, ಸೆನ್ಸರ್, ಆಟೊಮೇಷನ್, ಕೋಲ್ಡ್ ಚೈನ್ ಅಗ್ಗವಾದರೆ ಮಾತ್ರ ಆ ಅಂಕಿ ಇಳಿಯುತ್ತೆ. ಮೆಕ್ಯಾನಿಕಲ್, ಇಸಿ, ಸಿಎಸ್, ಕೆಮಿಕಲ್, ಯಾವ ಬ್ರಾಂಚ್‌ನವರಿಗೂ ಇಲ್ಲಿ ಕೆಲಸ ಇದೆ. ಮುಂದಿನ ವರ್ಷ ಮೈನರ್ ಪ್ರಾಜೆಕ್ಟ್‌ಗೆ ಟಾಪಿಕ್ ಹುಡುಕುವಾಗ ಒಮ್ಮೆ ಈ ಕಡೆಗೂ ನೋಡಿ.