ಹಿಟ್ಟಿನ ಗಿರಣಿಗೆ ಹೂವಿನ ಬೋರ್ಡ್! ಕಿವಿಗೆ ಒಂದೇ ಕೇಳುವ ಇಂಗ್ಲಿಷ್ ಪದ ಬರೆಸುವಾಗ ಹುಷಾರ್

ವಿಜಯಪುರ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲೇ ಇರಲಿ, ಜೋಳ ಬೀಸುವ ಗಿರಣಿಗೆ ನಾವು ‘ಫ್ಲೋರ್ ಮಿಲ್’ ಅಂತೀವಿ. ಇಂಗ್ಲಿಷಿನಲ್ಲಿ ಫ್ಲೋರ್ ಅಂದ್ರ ನೆಲ. ಹಿಟ್ಟಿಗೆ ಇರುವ ಪದದ ಉಚ್ಚಾರ ಹೂವಿನ ‘ಫ್ಲವರ್’ ಇದ್ದಂಗೇ ಐತಿ, ಅಕ್ಷರ ಮಾತ್ರ ಬೇರೆ. ಹಿಟ್ಟಿಗೆ ಎಫ್, ಎಲ್, ಒ, ಯು, ಆರ್. ಹೂವಿಗೆ ಎಫ್, ಎಲ್, ಒ, ಡಬ್ಲ್ಯೂ, ಇ, ಆರ್. ಕೇಳಿದಂಗೆ ಟೈಪ್ ಮಾಡಿದ್ರ ಗಿರಣಿ ಮುಂದೆ ಹೂವಿನ ಬೋರ್ಡ್ ನಿಲ್ತದ.

ಡಿಟಿಪಿ ಅಂಗಡಿಯ ಕಂಪ್ಯೂಟರ್ ಇಂಥ ತಪ್ಪು ಹಿಡಿಯುತ್ತದೆ ಅನ್ನುವ ಭರವಸೆ ಬೇಡ. ಎರಡೂ ಸರಿಯಾದ ಪದಗಳೇ ಆಗಿರುವುದರಿಂದ ಬಹಳ ಸಲ ಅಡಿಯಲ್ಲಿ ಕೆಂಪು ಗೆರೆ ಬರೋದೇ ಇಲ್ಲ.

ನೋಟಬುಕ್, ಪೆನ್ನು ಮಾರುವವರಿಗೂ ಇದೇ ಪಜೀತಿ. ‘ಸ್ಟೇಷನರಿ’ಯ ಕೊನೆಗೆ ಇ, ಆರ್, ವೈ ಇದ್ದರೆ ಕಾಗದ, ಪೆನ್ನಿನ ಅಂಗಡಿ. ಇ ಬದಲು ಎ ಬಿದ್ದರೆ ‘ನಿಂತಲ್ಲೇ ನಿಂತದ್ದು’ ಎಂದರ್ಥ. ‘ಪೇಪರ್’ ಪದ ಇ, ಆರ್‌ನಿಂದ ಮುಗಿಯುತ್ತದೆ ಅಂತ ನೆನಪಿಟ್ಟರೆ ಸಾಕು. ಪಾತ್ರೆ ಅಂಗಡಿಯವರು ‘ಸ್ಟೀಲ್’ನಲ್ಲಿ ಎರಡು ಇ ಅದಾವೋ ಇಲ್ಲೋ ನೋಡ್ರಿ. ಎರಡನೇ ಇ ಹೋಗಿ ಎ ಬಂದ್ರ ಅದು ಕಳವು!

2024ರ ತಿದ್ದುಪಡಿ ಕಾಯ್ದೆ ಪ್ರಕಾರ ನಾಮಫಲಕದ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲಿನ ಭಾಗದಲ್ಲಿ. ಉಳಿದ ಜಾಗದಲ್ಲಿ ಇಂಗ್ಲಿಷ್ ಬೇಕೆಂದರೆ ಪ್ರಿಂಟಿಗೆ ಕೊಡುವ ಮುಂಚೆ ಶಾಲೆಗೆ ಹೋಗುವ ಮಕ್ಕಳಿಗೊಮ್ಮೆ ತೋರಿಸ್ರಿ.

ಈ ಗೊಂದಲಕ್ಕೆ ಕಾರಣ ಇಂಗ್ಲಿಷಿನ ಹಳೇ ಚಾಳಿ. ಕಾಗುಣಿತ ಅಚ್ಚಿನ ಕಾಲದಲ್ಲಿ ಗಟ್ಟಿಯಾಗಿ ಕೂತಿತು, ಉಚ್ಚಾರ ಮಾತ್ರ ಬದಲಾಗ್ತಾ ಹೋಯಿತು. ರಾತ್ರಿಗೂ ‘ನೈಟ್’, ಕುದುರೆ ಏರಿದ ವೀರನಿಗೂ ‘ನೈಟ್’. ವೀರನ ಪದದ ಮೊದಲಿಗಿರುವ ಕೆ ಅಕ್ಷರವನ್ನು ಹಿಂದೆ ಉಚ್ಚರಿಸುತ್ತಿದ್ದರು, ಈಗ ಬರೀ ಬರವಣಿಗೆಯಲ್ಲಿ ಉಳಿದದೆ.

ಬೋರ್ಡ್ ತಪ್ಪಿದರೆ ಜನ ನಕ್ಕು ಮುಂದೆ ಹೋದಾರು. ಚೆಕ್ ತಪ್ಪಿದರೆ ರೊಕ್ಕದ ವಿಷಯ. ನಾಲ್ಕು ಸಾವಿರ ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ‘ಫೋರ್’ನ ಯು ಬಿಟ್ಟರೆ ಅದರ ಅರ್ಥ ‘ಸಲುವಾಗಿ’. ಎರಡಕ್ಕೆ ಬರೆಯುವ ‘ಟೂ’ನಲ್ಲಿ ಡಬ್ಲ್ಯೂ ಬಿಟ್ಟರೂ ಸಂಖ್ಯೆ ಉಳಿಯೋದಿಲ್ಲ. 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಂ ಪ್ರಕಾರ ಅಂಕಿ ಒಂದು, ಅಕ್ಷರ ಒಂದು ಹೇಳಿದರೆ ಅಕ್ಷರದಲ್ಲಿ ಬರೆದ ಮೊತ್ತವೇ ಲೆಕ್ಕಕ್ಕೆ. ವ್ಯವಹಾರದಲ್ಲಿ ಮಾತ್ರ ಬ್ಯಾಂಕಿನವರು ಎರಡೂ ಹೊಂದೋದಿಲ್ಲ ಅಂತ ಚೆಕ್ ವಾಪಸ್ ಕಳಿಸ್ತಾರ. ತಿದ್ದಿ ಮೇಲೆ ಸಹಿ ಹಾಕಿದರೂ ಸಿಟಿಎಸ್ ಕ್ಲಿಯರಿಂಗ್‌ನಲ್ಲಿ ನಡೆಯೋದಿಲ್ಲ. 2010ರ ಡಿಸೆಂಬರ್ 1ರಿಂದ ಹೆಸರು, ಮೊತ್ತ ತಿದ್ದಿದ ಚೆಕ್ಕಿಗೆ ಅವಕಾಶವಿಲ್ಲ. ಹೊಸ ಹಾಳೆಯೇ ಬೇಕು.

ಸಾಲದ ಕಾಗದದಲ್ಲಿ ಬರುವ ‘ಪ್ರಿನ್ಸಿಪಲ್’ ಪಿ, ಎ, ಎಲ್‌ನಿಂದ ಮುಗಿದರೆ ಅಸಲು. ಕಾಲೇಜಿನ ಪ್ರಾಂಶುಪಾಲರಿಗೂ ಅದೇ ಅಕ್ಷರ. ಪಿ, ಎಲ್, ಇ ಇದ್ದರೆ ತತ್ವ, ಅದಕ್ಕೂ ಬಡ್ಡಿಗೂ ಸಂಬಂಧವಿಲ್ಲ.

ಇಂಗ್ಲಿಷ್ ಅಕ್ಷರದ ಬಗ್ಗೆ ಅನುಮಾನ ಇದ್ದವರು ಚೆಕ್ಕನ್ನು ಕನ್ನಡದಲ್ಲೇ ತುಂಬಬಹುದು. ಗ್ರಾಹಕರು ಇಂಗ್ಲಿಷ್, ಹಿಂದಿ ಇಲ್ಲವೇ ತಮ್ಮ ರಾಜ್ಯದ ಭಾಷೆಯಲ್ಲಿ ಚೆಕ್ ಬರೆಯಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ‘ನಾಲ್ಕು ಸಾವಿರ ರೂಪಾಯಿ ಮಾತ್ರ’ ಅಂತ ಬರೆದ್ರೂ ನಡೀತೈತಿ.