ಹಸ್ತಪ್ರತಿಸೂಚಿಯ ಕೋಷ್ಟಕವೂ ಯಂತ್ರದ ತಿದ್ದುಪಡಿಯೂ

ಹಸ್ತಪ್ರತಿಗಳ ವರ್ಣನಾತ್ಮಕ ಸೂಚಿಯನ್ನು ಚೀಟಿಗಳಿಗೆ ಬದಲಾಗಿ ಎಕ್ಸೆಲ್ ಕೋಷ್ಟಕದಲ್ಲಿ ಸಿದ್ಧಪಡಿಸುವುದು ಈಗ ರೂಢಿಗೆ ಬಂದಿದೆ. ಹಲವರ ಕೈಸೇರಿ ಬೆಳೆದ ಕೋಷ್ಟಕದಲ್ಲಿ ಏಕರೂಪತೆಯನ್ನು ನಿರೀಕ್ಷಿಸುವಂತಿಲ್ಲ. ಪದಗಳ ನಡುವೆ ಅನಗತ್ಯವಾದ ತೆರವು ಉಳಿದಿರುತ್ತದೆ. ಕೃತಿನಾಮವು ಒಂದೆಡೆ ದಪ್ಪಕ್ಷರದಲ್ಲಿಯೂ ಮತ್ತೊಂದೆಡೆ ಸಾಧಾರಣ ಅಕ್ಷರದಲ್ಲಿಯೂ ಇರುತ್ತದೆ. ಸಾವಿರಾರು ಸಾಲುಗಳನ್ನು ಕೈಯಿಂದ ತಿದ್ದುವುದು ದುಸ್ಸಾಧ್ಯ. 1993ರಿಂದ ಎಕ್ಸೆಲ್‌ನೊಳಗೇ ದೊರೆಯುತ್ತಿರುವ ವಿ.ಬಿ.ಎ. ಎಂಬ ಭಾಷೆಯಲ್ಲಿ ಮ್ಯಾಕ್ರೊ ಎನ್ನುವ ಕಿರು ಆದೇಶಮಾಲೆಯನ್ನು ಬರೆದು ಈ ಕೆಲಸವನ್ನು ಯಂತ್ರಕ್ಕೆ ವಹಿಸಬಹುದು.

ತೆರವನ್ನು ಕಳೆಯಲು ಟ್ರಿಮ್ ಎಂಬ ಆದೇಶವಿದೆ. ವಿ.ಬಿ.ಎ.ಯ ಟ್ರಿಮ್ ಪಠ್ಯದ ಎರಡು ತುದಿಗಳನ್ನು ಮಾತ್ರ ಸವರುತ್ತದೆ. ಕೋಷ್ಟಕದ ಟ್ರಿಮ್ ನಡುವಣ ಹೆಚ್ಚುವರಿ ತೆರವನ್ನೂ ಒಂದಕ್ಕಿಳಿಸುತ್ತದೆ. ನಮಗೆ ಬೇಕಾದುದು ಎರಡನೆಯದು. ವಿ.ಬಿ.ಎ. ಬರೆಯುವ ಪುಟವು ಕನ್ನಡಾಕ್ಷರವನ್ನು ನೇರವಾಗಿ ಸ್ವೀಕರಿಸದ ಕಾರಣ, ಱಕಾರವನ್ನು 3249, ೞಕಾರವನ್ನು 3294 ಎಂಬ ಯೂನಿಕೋಡ್ ಸಂಖ್ಯೆಗಳಿಂದ ಕರೆಯಬೇಕು. ೞಕಾರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ.

ಗರಿಸಂಖ್ಯೆಯ ಅಂಕಣದಲ್ಲಿ ‘3-4’ ಎಂದು ತುಂಬಿದರೆ ಎಕ್ಸೆಲ್ ಅದನ್ನು ದಿನಾಂಕವೆಂದು ಗ್ರಹಿಸಿ ಪರಿವರ್ತಿಸುತ್ತದೆ. ಆಮೇಲೆ ಮ್ಯಾಕ್ರೊಗೆ ಸಿಗುವುದು ದಿನಾಂಕವೇ ಹೊರತು ಮೂಲ ಬರಹವಲ್ಲ. ಆದಕಾರಣ ತುಂಬುವ ಮೊದಲೇ ಆ ಅಂಕಣವನ್ನು ಪಠ್ಯವೆಂದು ಗೊತ್ತುಪಡಿಸಬೇಕು. ಇದೇ ಕಾಟದಿಂದ ಬೇಸತ್ತ ವಂಶವಾಹಿ ವಿಜ್ಞಾನಿಗಳು 2020ರಲ್ಲಿ ಕೆಲವು ವಂಶವಾಹಿಗಳ ಹೆಸರನ್ನೇ ಬದಲಿಸಿದರು. ಗರಿಗಳ ವಿಷಯದಲ್ಲಿ ನಮಗೆ ಆ ಸ್ವಾತಂತ್ರ್ಯವಿಲ್ಲ.

ಇವೆಲ್ಲಕ್ಕಿಂತ ಗಂಭೀರವಾದುದು ಪುಷ್ಪಿಕೆಯ ಅಂಕಣ. ಹುಳು ತಿಂದೆಡೆಯಲ್ಲಿ ಸಂಪಾದಕನು ಊಹಿಸಿ ತುಂಬಿದ ಅಕ್ಷರಗಳನ್ನು ಓರೆಯಕ್ಷರದಲ್ಲಿ ತೋರಿಸಿದ್ದರೆ, ಆ ಓರೆಯೇ ಒಂದು ಸಾಕ್ಷ್ಯ. ಮ್ಯಾಕ್ರೊ ಇಂತಹ ಕೋಶದ ಪಠ್ಯವನ್ನು ಓದಿ, ಶುದ್ಧಗೊಳಿಸಿ, ಮರಳಿ ಬರೆದಾಗ ಕೋಶದೊಳಗಣ ಅಕ್ಷರಭೇದವೆಲ್ಲ ಅಳಿದು ಊಹೆಯೂ ಪ್ರತಿಕಾರನ ಬರಹವೂ ಒಂದೇ ಆಗುತ್ತವೆ. ಮುಂದೆ ಈ ಸೂಚಿಯನ್ನು ನಂಬಿ ಕಾಲನಿರ್ಣಯ ಮಾಡುವವನಿಗೆ ಮೋಸವಾದದ್ದು ತಿಳಿಯುವುದೂ ಇಲ್ಲ. ಮ್ಯಾಕ್ರೊ ನಡೆದ ಮೇಲೆ ಎಕ್ಸೆಲ್‌ನ ‘ಅನ್‌ಡೂ’ ಕೂಡ ನೆರವಿಗೆ ಬಾರದು. ಪ್ರತಿಕಾರನು ೞಕಾರದ ಎಡೆಯಲ್ಲಿ ಳಕಾರವನ್ನು ಬರೆದಿದ್ದರೆ ಅದನ್ನೂ ಯಂತ್ರವು ಮುಟ್ಟಕೂಡದು. ಅದು ಪಾಠಾಂತರ, ಬೆರಳಚ್ಚಿನ ದೋಷವಲ್ಲ.

ಆದ್ದರಿಂದ ಕಡತದ ಪ್ರತಿಯೊಂದನ್ನು ತೆಗೆದಿಟ್ಟು, ಮ್ಯಾಕ್ರೊವನ್ನು ಕೃತಿನಾಮ, ಕರ್ತೃ, ಅಳತೆಗಳ ಅಂಕಣಗಳಿಗೆ ಮಾತ್ರ ಸೀಮಿತಗೊಳಿಸಿ, ತಿದ್ದಿದ ಪಠ್ಯವನ್ನು ಪಕ್ಕದ ಹೊಸ ಅಂಕಣದಲ್ಲಿ ಬರೆಯಿಸುವುದು ಕ್ಷೇಮಕರ. ಪುಷ್ಪಿಕೆಯನ್ನು ಓಲೆಯೊಡನೆ ಹೋಲಿಸಿ ಕೈಯಿಂದಲೇ ತಿದ್ದತಕ್ಕದ್ದು.